ಹಳಿ ಹಾಕಿದವರು ಯಾರು?

ನಮೀಬಿಯಾದ ಕೋಲ್ಮನ್ಸ್‌ಕಾಪ್ ಊರನ್ನ ಇನ್‌ಸ್ಟಾಗ್ರಾಂನಲ್ಲಿ ನೋಡಿರ್ತೀರಿ: ಪಾಳುಮನೆ, ನಡುಮನೆ ತುಂಬ ಮರಳು. ಲೂಡೆರಿಟ್ಸ್ ಬಂದರಿನಿಂದ ಸುಮಾರು 10 ಕಿ.ಮೀ. ಒಳಗೆ, ನಮೀಬ್ ಮರುಭೂಮಿಯಲ್ಲಿದೆ.

1908ರಲ್ಲಿ ಇಲ್ಲಿ ರೈಲು ಹಳಿ ಮೇಲಿನ ಮರಳು ತೆಗೆಯುತ್ತಿದ್ದ ಕೂಲಿಯಾಳು ಜಕಾರಿಯಸ್ ಲೆವಾಲಾಗೆ ಹೊಳೆಯೋ ಕಲ್ಲೊಂದು ಸಿಕ್ಕಿತು. ಮೇಲ್ವಿಚಾರಕ ಆಗಸ್ಟ್ ಸ್ಟಾಖ್ ಕೈಗೆ ಕೊಟ್ಟ. ನೋಡಿದರೆ ವಜ್ರ! ಸ್ಟಾಖ್ ದೊಡ್ಡ ಸಾಹುಕಾರನಾದ; ಲೆವಾಲಾ ಕೂಲಿಯಾಗೇ ಉಳಿದ. ಆಳುತ್ತಿದ್ದ ಜರ್ಮನ್ನರು ಸುತ್ತಲಿನ ನೆಲಕ್ಕೆ ಹೊರಗಿನವರು ಕಾಲಿಡದಂತೆ ಮಾಡಿದರು. ಕುಡಿಯೋ ನೀರಿಗೂ ಗತಿಯಿಲ್ಲದ ಜಾಗದಲ್ಲಿ ಆಸ್ಪತ್ರೆ, ಐಸ್ ಫ್ಯಾಕ್ಟರಿ, ಡ್ಯಾನ್ಸ್ ಹಾಲ್ ಎದ್ದವು. 1928ರಲ್ಲಿ ದಕ್ಷಿಣಕ್ಕೆ, ಆರೆಂಜ್ ನದಿ ಸಮುದ್ರ ಸೇರೋ ಕಡೆ, ಇನ್ನೂ ಹೆಚ್ಚು ವಜ್ರ ಸಿಕ್ಕಿದ್ದೇ ಜನ ಗಂಟುಮೂಟೆ ಕಟ್ಟಿದರು. 1956ರ ಹೊತ್ತಿಗೆ ಊರು ಖಾಲಿ.

ಫೋಟೋಗಳಲ್ಲಿ ಕಾಣದ್ದು ಆ ಹಳಿಯ ಕಥೆ. 1906ರ ಸುಮಾರಿಗೆ ಅದಕ್ಕೆ ದುಡಿದದ್ದು ಲೂಡೆರಿಟ್ಸ್‌ನ ಶಾರ್ಕ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದ್ದ ಹೆರೆರೊ, ನಾಮಾ ಜನ. ಚಳಿ, ಹಸಿವು, ರೋಗಕ್ಕೆ ಅಲ್ಲಿ ಸಾವಿರಕ್ಕೂ ಮಿಕ್ಕಿ ಸತ್ತರು. ಅವತ್ತು ನಡೆದದ್ದು ನರಮೇಧ ಅಂತ ಜರ್ಮನಿ ಒಪ್ಪಿಕೊಂಡಿದ್ದು 2021ರಲ್ಲಿ.

1908ರಿಂದ ಶುರು ಮಾಡಿದರೆ ಇದು ಅದೃಷ್ಟದ ಕಥೆ. ಎರಡೇ ವರ್ಷ ಹಿಂದಕ್ಕೆ ಹೋದರೂ ಸಾಕು, ಹಾಗನ್ನೋಕೆ ಬಾಯಿ ಬರಲ್ಲ.