ಪೊಲಿ

ಮಳೆ ಇಳಿಯುವ ಕಾಲ ಪಂಚಾಂಗದವರಿಗೆ ಶರದೃತು. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಹಾಗೆ ಹೇಳಿದವರನ್ನು ನಾನು ಕಂಡಿಲ್ಲ. ನಮ್ಮ ತುಳು ತಿಂಗಳುಗಳಲ್ಲಿ ಆಟಿ ಕಳೆದರೆ ಸೋಣ, ಸೋಣ ಕಳೆದರೆ ನಿರ್ನಾಲ. ಮಳೆ ಬಿಟ್ಟುಬಿಟ್ಟು ಬರುತ್ತದೆ, ನಡುವೆ ಬಿಸಿಲು ಬೀಳುತ್ತದೆ, ಮಳೆಗಾಲದ ಬೆಳೆಯಾದ ಏಣೆಲಿನ ಗದ್ದೆಯಲ್ಲಿ ತೆನೆ ಬಾಗುತ್ತದೆ. ಒಂದು ತುಳು ಮಾತು ಬಾಯಿಗೆ ಬರುವುದು ಆಗ: ಪೊಲಿ.

‘ಇಲ್ಲ್ ದಿಂಜಾವುನೆ’, ಎಂದರೆ ಮನೆ ತುಂಬಿಸುವ ದಿನ, ತೆನೆ ಹೊತ್ತವರು ಒಳಗೆ ಬರುವಾಗ ‘ಪೊಲಿ, ಪೊಲಿ’ ಎನ್ನುತ್ತಾರೆ. ಹೆಚ್ಚಲಿ, ಹುಲುಸಾಗಲಿ ಎಂದು. ಮಾವು, ಹಲಸು, ಬಿದಿರಿನ ಎಲೆಯೊಳಗೆ ತೆನೆಯಿಟ್ಟು ನಾರಿನಿಂದ ಸುತ್ತಿ ದೇವರಕೋಣೆಗೆ, ಬಾಗಿಲಿಗೆ, ಭತ್ತ ಅಳೆಯುವ ಕಳಸೆಗೆ, ತೆಂಗಿನ ಮರಕ್ಕೆ ಕಟ್ಟುತ್ತಾರೆ. ಈಗ ಸ್ಕೂಟರಿಗೂ ಜೀಪಿಗೂ ಒಂದೊಂದು. ಆಮೇಲೆ ಹೊಸಕ್ಕಿ ಊಟ. ಎಲೆ ಮುಂದೆ ಕೂತ ಕಿರಿಯರು ‘ಹೊಸತು ಉಣ್ಣುತ್ತೇನೆ’ ಎಂದು ಹಿರಿಯರನ್ನು ಕೇಳಿಯೇ ತುತ್ತೆತ್ತಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತರ ಮನೆಗಳಿಗೂ ಚರ್ಚಿನಿಂದ ಆಶೀರ್ವದಿಸಿದ ತೆನೆ ಬರುತ್ತದೆ. ದೀಪಾವಳಿಗೆ ಬಲೀಂದ್ರನನ್ನು ಕೂಗಿ ಕರೆಯುವುದೂ ಪೊಲಿಗಾಗಿಯೇ. ಘಟ್ಟದ ಆಚೆ ಕೊಡಗಿನ ಹುತ್ತರಿಯಲ್ಲಿ ಇದೇ ಮಾತು ದೇವರ ಹೆಸರಿನೊಂದಿಗೆ ಕೇಳುತ್ತದೆ.

ಈ ಕೂಗನ್ನು ಕೃತಜ್ಞತೆ ಎನ್ನಬಹುದೇ? ಹಳೆಯವರ ಬಾಯಲ್ಲಿ ‘ಧನ್ಯವಾದ’ ಇರಲೇ ಇಲ್ಲ. ಕೊಟ್ಟವರ ಕೈಗೆ ಇನ್ನಷ್ಟು ಬರಲಿ ಎಂದರಾಯಿತು, ಋಣ ತೀರಿದಂತೆ. ಬಂದದ್ದಕ್ಕೆ ಸಂತೋಷ, ಬರಬೇಕಾದದ್ದಕ್ಕೆ ಆಸೆ, ಎರಡೂ ಒಂದೇ ಉಸಿರಿನಲ್ಲಿ. ಆಸೆ ಬೆರೆತಿದೆಯೆಂದು ಇದನ್ನು ಕಡಿಮೆ ಮಾಡಲು ನನಗೆ ಮನಸ್ಸಿಲ್ಲ. ಆಟಿಯಲ್ಲಿ ಖಾಲಿ ಕಳಸೆಯ ತಳ ಕೆರೆದವರು ತಾನೇ ಕೇಳುತ್ತಿರುವುದು.

ಆದರೆ ಮಾತಿಗೆ ಇನ್ನೊಂದು ಮುಖ ಇದೆ. ತುಳುವಿನಲ್ಲಿ ಪೊಲಿ ಎಂದರೆ ಸಾಲದ ಭತ್ತಕ್ಕೆ ಭತ್ತದಲ್ಲೇ ಕೊಡುವ ಬಡ್ಡಿಯೂ ಹೌದು. ಆಟಿಯಲ್ಲಿ ತಂದ ಭತ್ತವನ್ನು ಕೊಯ್ಲಾದ ಮೇಲೆ ಪೊಲಿ ಸೇರಿಸಿ ಅಳೆದುಕೊಡಬೇಕಿತ್ತು. ಚೋಳರ ಕಾಲದ ದೇವಸ್ಥಾನದ ತಮಿಳು ಶಾಸನಗಳಲ್ಲಿ ಬಡ್ಡಿಗೆ ಬರುವ ‘ಪೊಲಿಸೈ’ ಇದರ ಬಳಗದ್ದೇ. ಕನ್ನಡದ ‘ಬಡ್ಡಿ’ ಏನು ಸಾಚಾ? ಅದು ಸಂಸ್ಕೃತದ ‘ವೃದ್ಧಿ’ ಸವೆದು ಆದದ್ದು. ಹೆಚ್ಚಲಿ ಎಂದು ಒಕ್ಕಲು ದೇವರಲ್ಲಿ ಬೇಡಿದ್ದನ್ನೇ ಧಣಿ ಒಕ್ಕಲಿನಿಂದ ವಸೂಲು ಮಾಡಿದ. ಅಂಗಳದ ಭತ್ತದ ರಾಶಿಯ ಮುಂದೆ ‘ಪೊಲಿ’ ಎಂದು ಕೂಗಿದವನಿಗೆ ಅದರ ಯಾವ ಪಾಲು ತನ್ನದು ಎಂಬ ಲೆಕ್ಕ ಮರೆತಿರಲಿಕ್ಕಿಲ್ಲ.

ಈಗ ಗದ್ದೆಗಳೇ ಅಪರೂಪ. ಬೈಲುಗಳು ಅಡಿಕೆ ತೋಟವಾದವು, ಮೇಲಿನ ಗುಡ್ಡಕ್ಕೆ ರಬ್ಬರ್ ಬಂತು. ಗದ್ದೆಯಿಲ್ಲದವರು ದೇವಸ್ಥಾನದಲ್ಲಿ ಹಂಚುವ ತೆನೆಯನ್ನು ತಂದು ಮನೆ ತುಂಬಿಸುತ್ತಾರೆ. ಅಡಿಕೆ ಮರಕ್ಕೂ ಭತ್ತದ ತೆನೆಯನ್ನೇ ಕಟ್ಟುತ್ತಾರೆ. ಅಂಗಳದಲ್ಲಿ ಅಡಿಕೆ ರಾಶಿ ಹಾಕುವಾಗ ಮಾತ್ರ ಯಾರೂ ಪೊಲಿ ಕೂಗುವುದಿಲ್ಲ. ಅಡಿಕೆ ಕೊಳ್ಳುವ ಕ್ಯಾಂಪ್ಕೊದಲ್ಲಿ ಇವತ್ತು ರೇಟ್ ಎಷ್ಟಂತೆ ಎಂದು ಕೇಳುತ್ತಾರೆ.