ಜಠರದ ಸೋಂಕಿನ ಪತ್ತೆ: ಪರೀಕ್ಷೆಗಳ ನಿಖರತೆಯನ್ನು ಅಳೆದ ಬಗೆ

ಜಠರದ ಒಳಪದರದ ಲೋಳೆಯಲ್ಲಿ ನೆಲೆಸಿ ಹುಣ್ಣಿಗೂ ಕೆಲವರಲ್ಲಿ ಕ್ಯಾನ್ಸರಿಗೂ ಕಾರಣವಾಗುವ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ 1979ರಲ್ಲಿ ಗುರುತಿಸಿದರು. ಬ್ಯಾರಿ ಮಾರ್ಷಲ್ ಅವರೊಡನೆ 1982ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾದದ್ದು, ಈಸ್ಟರ್ ರಜೆಯಿಂದಾಗಿ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಹಾಗೇ ಉಳಿದಿದ್ದರಿಂದ. ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎನ್ನಲಾಗುವ ಈ ಜೀವಿಯನ್ನು ಪತ್ತೆಹಚ್ಚುವ ಪರೀಕ್ಷೆಗಳ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆ.

ಮೊದಲ ಪರೀಕ್ಷೆಗಳೆಲ್ಲ ಎಂಡೋಸ್ಕೋಪಿಯನ್ನು, ಅಂದರೆ ಬಾಯಿಯ ಮೂಲಕ ನಳಿಕೆ ಇಳಿಸಿ ಜಠರವನ್ನು ನೋಡುವ ಕ್ರಮವನ್ನು ಅವಲಂಬಿಸಿದ್ದವು. ಹೀಗೆ ತೆಗೆದ ಅಂಗಾಂಶದ ಚೂರಿಗೆ ಬಣ್ಣ ಹಾಕಿ ನೋಡುವ ವಿಧಾನ ಇಂದಿಗೂ ಉಳಿದವುಗಳನ್ನು ಒರೆಹಚ್ಚುವ ಮಾನದಂಡವಾಗಿದೆ. ಬ್ಯಾಕ್ಟೀರಿಯಾ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಒಂದೇ ಜಾಗದ ಚೂರು ಸೋಂಕನ್ನು ತಪ್ಪಿಸಿಬಿಡಬಹುದು. ಮಾನದಂಡವೇ ಪೂರ್ಣ ನಿರ್ದುಷ್ಟವಲ್ಲವೆಂಬ ಈ ಸಂಗತಿಯನ್ನು ಹೋಲಿಕೆಯ ಪಟ್ಟಿಗಳು ಹೆಚ್ಚಾಗಿ ಮರೆಮಾಚುತ್ತವೆ.

ಈ ಜೀವಿ ಯೂರಿಯೇಸ್ ಎಂಬ ಕಿಣ್ವವನ್ನು ಹೇರಳವಾಗಿ ಸ್ರವಿಸಿ ಯೂರಿಯಾವನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆಂಬ ತಿಳಿವಳಿಕೆಯೇ ಮುಂದಿನ ದಾರಿಯನ್ನು ತೆರೆಯಿತು. ಅಂಗಾಂಶದ ಚೂರನ್ನು ಯೂರಿಯಾ ಇರುವ ಮಾಧ್ಯಮದಲ್ಲಿಟ್ಟು, ಹಳದಿ ಬಣ್ಣ ಗುಲಾಬಿಗೆ ತಿರುಗುವುದನ್ನು ನೋಡುವ ಕ್ಷಿಪ್ರ ಪರೀಕ್ಷೆ 1980ರ ದಶಕದ ಮಧ್ಯದಲ್ಲಿ ಬಂದಿತು. ಹುಣ್ಣಿನಿಂದ ರಕ್ತ ಸೋರುತ್ತಿರುವಾಗ ಇದು ಸೋಂಕನ್ನು ತಪ್ಪಿಸುವ ಸಂಭವ ಹೆಚ್ಚು. 1987ರಲ್ಲಿ ಪ್ರಕಟವಾದ ಉಸಿರಿನ ಪರೀಕ್ಷೆಯಲ್ಲಿ ನಳಿಕೆಯ ಅಗತ್ಯವೇ ಇರಲಿಲ್ಲ: ಗುರುತು ಮಾಡಿದ ಇಂಗಾಲವಿರುವ ಯೂರಿಯಾವನ್ನು ರೋಗಿ ಕುಡಿದರೆ, ಸೋಂಕಿದ್ದಲ್ಲಿ ಅದೇ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. ಇಂಗಾಲ-14 ಅಲ್ಪ ಪ್ರಮಾಣದಲ್ಲಿ ವಿಕಿರಣ ಸೂಸುವುದರಿಂದ ಮಕ್ಕಳಿಗೂ ಗರ್ಭಿಣಿಯರಿಗೂ ವಿಕಿರಣರಹಿತ ಇಂಗಾಲ-13 ಲೇಸು. ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಸುಲಭವೂ ಅಗ್ಗವೂ ಆದರೂ ಸೋಂಕು ಹೋದ ಬಳಿಕವೂ ತಿಂಗಳುಗಟ್ಟಲೆ ಪಾಸಿಟಿವ್ ಬರುತ್ತದೆ. ಮಲದಲ್ಲಿ ಬ್ಯಾಕ್ಟೀರಿಯಾದ ಅಂಶವನ್ನೇ ಹುಡುಕುವ ಪರೀಕ್ಷೆ 1990ರ ದಶಕದ ಕೊನೆಗೆ ಬಳಕೆಗೆ ಬಂದು ಈ ಕೊರತೆಯನ್ನು ನೀಗಿತು.

2018ರ ಕೊಕ್ರೇನ್ ಸಮೀಕ್ಷೆ 101 ಅಧ್ಯಯನಗಳ 11,003 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಸೋಂಕಿಲ್ಲದವರನ್ನು ಸರಿಯಾಗಿ ಗುರುತಿಸುವ ಪ್ರಮಾಣ, ಅಂದರೆ ನಿರ್ದಿಷ್ಟತೆ, ಶೇ. 90 ಎಂದಿಟ್ಟುಕೊಂಡಾಗ, ಸೋಂಕಿತರನ್ನು ಹಿಡಿಯುವ ಪ್ರಮಾಣವಾದ ಸಂವೇದನಶೀಲತೆ ಇಂಗಾಲ-13ರ ಉಸಿರಿನ ಪರೀಕ್ಷೆಗೆ ಶೇ. 94, ಇಂಗಾಲ-14ಕ್ಕೆ 92, ರಕ್ತಪರೀಕ್ಷೆಗೆ 84, ಮಲಪರೀಕ್ಷೆಗೆ 83 ಎಂದು ಕಂಡುಬಂದಿತು. ಒಳಗೊಂಡ ಅಧ್ಯಯನಗಳ ಗುಣಮಟ್ಟ ಒಟ್ಟಾರೆ ದುರ್ಬಲವಾಗಿತ್ತು. ಅದನ್ನು ಬದಿಗಿಟ್ಟರೂ ಈ ಅಂಕಿಗಳು ಊರೂರಿಗೆ ಬೇರೆ ಅರ್ಥ ಕೊಡುತ್ತವೆ. ನೂರರಲ್ಲಿ 60 ಜನ ಸೋಂಕಿತರಿರುವ ಕಡೆ ರಕ್ತಪರೀಕ್ಷೆ ಮಾಡಿದರೆ ಸುಮಾರು 46 ಜನರಿಗೆ ನೆಗೆಟಿವ್ ಬರುತ್ತದೆ, ಅವರಲ್ಲಿ ಹತ್ತು ಮಂದಿಗೆ ಸೋಂಕು ಇದ್ದೇ ಇರುತ್ತದೆ. ಹತ್ತೇ ಜನ ಸೋಂಕಿತರಿರುವ ಕಡೆಯಾದರೆ ಪಾಸಿಟಿವ್ ಬಂದವರಲ್ಲಿ ಅರ್ಧದಷ್ಟು ಮಂದಿ ಆರೋಗ್ಯವಂತರು. ಹೊರದೇಶದ ಅಂಕಿಯನ್ನು ಇಲ್ಲಿಗೆ ಹಾಗೇ ಎತ್ತಿ ತರುವುದು ಆದ್ದರಿಂದ ಸಲ್ಲದು. ಆದರೂ ಪಟ್ಟಿಯಲ್ಲಿ ಮುಂದಿರುವ ಪರೀಕ್ಷೆಯನ್ನು ಇಲ್ಲಿನ ಸಂಶೋಧಕರೂ ಬಳಸಿದ್ದಾರೆ: ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಲ್ಲಿ ಸೇರಿಸಿದ ಕಬ್ಬಿಣಾಂಶದ ಪ್ರಯೋಜನವನ್ನು ಈ ಸೋಂಕು ಮಕ್ಕಳಲ್ಲಿ ತಗ್ಗಿಸುವುದಿಲ್ಲವೆಂದು ಕಂಡುಕೊಂಡಾಗ, ಸೋಂಕನ್ನು ಗುರುತಿಸಲು ಬಳಸಿದ್ದು ಉಸಿರಿನ ಪರೀಕ್ಷೆಯನ್ನೇ.

ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಗ್ಯಾಸಿನ ಮಾತ್ರೆಯೂ ಲೆಕ್ಕವನ್ನು ಕೆಡಿಸುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ಬ್ಯಾಕ್ಟೀರಿಯಾದ ಸಂಖ್ಯೆಯನ್ನು ತಾತ್ಕಾಲಿಕವಾಗಿ ಇಳಿಸುವುದರಿಂದ ಉಸಿರು, ಮಲ ಮತ್ತು ಯೂರಿಯೇಸ್ ಪರೀಕ್ಷೆಗಳಿಗೆ ಎರಡು ವಾರ ಮೊದಲೇ ಅವನ್ನು, ನಾಲ್ಕು ವಾರ ಮೊದಲೇ ಆಂಟಿಬಯಾಟಿಕ್‌ಗಳನ್ನು ನಿಲ್ಲಿಸಬೇಕು. ಮಾತ್ರೆಗೆ ಬಾಗದ ಪರೀಕ್ಷೆಯೆಂದರೆ ರಕ್ತದ್ದು; ಆದರೆ ಚಿಕಿತ್ಸೆ ಫಲಿಸಿತೇ ಎಂಬುದನ್ನು ಹೇಳಲಾರದ್ದೂ ಅದೇ.

ಅಜ್ಜಂಪುರ ತಾಲ್ಲೂಕಿನ ಶಿವನಿಯಂಥ ಊರಿನ ರೋಗಿಗೆ ಎಂಡೋಸ್ಕೋಪಿಯೆಂದರೆ ರೈಲು ಹತ್ತಿ ದಾವಣಗೆರೆಗೋ, ಬೀರೂರಿನಲ್ಲಿ ಗಾಡಿ ಬದಲಿಸಿ ಶಿವಮೊಗ್ಗಕ್ಕೋ ಹೋಗಬೇಕಾದ ಮಾತು. ರಕ್ತ ವಾಂತಿಯಾಗುತ್ತಿದ್ದರೆ, ಮಲ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ ಆ ಪ್ರಯಾಣ ತಪ್ಪಿಸಲಾಗದ್ದು. ಇಂಥ ಲಕ್ಷಣಗಳಿಲ್ಲದ ಯುವ ರೋಗಿಯ ವಿಷಯದಲ್ಲಿ ಮಾತ್ರ ರೋಗಿಯ ಬದಲು ಮಾದರಿಯನ್ನು ಕಳಿಸಬಹುದು: ಚೀಲದಲ್ಲಿ ಮುಚ್ಚಿದ ಇಂಗಾಲ-13ರ ಉಸಿರು ದೂರದ ಪ್ರಯೋಗಾಲಯವನ್ನು ಕೆಡದೆ ತಲುಪುತ್ತದೆ, ಮಲದ ಮಾದರಿಯನ್ನಾದರೋ ದಾರಿಯುದ್ದಕ್ಕೂ ತಂಪಿನಲ್ಲಿಡಬೇಕಾಗುತ್ತದೆ.