ಉದ್ಯೋಗ ಬೇಡುವ ಬಿನ್ನಹಪತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ತಾಲೂಕುಗಳು ಮೊದಲು ಮುಂಬಯಿ ಇಲಾಖೆಗೆ ಒಳಪಟ್ಟಿದ್ದವು. ಜಿಲ್ಲೆಯ ಮುಖ್ಯಸ್ಥಳವು ೧೮೮೫ರಲ್ಲಿ ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಜನರ ನುಡಿ ಕನ್ನಡ; ದಫ್ತರದಲ್ಲಿ ಮಾತ್ರ ಪೇಶವೆಯರ ಕಾಲದ ರೂಢಿಯಂತೆ ಮರಾಠಿಯೂ ಮೋಡಿ ಲಿಪಿಯೂ ಬಹುಕಾಲ ನಡೆದುಬಂದವು. ಕಾರಕೂನಿಕೆಯನ್ನು ಬಯಸಿದ ಕನ್ನಡಿಗ ತರುಣನಿಗೆ ಅವು ಬಾರದಿದ್ದರೆ ಅನ್ಯರ ಲೇಖಣಿಯೇ ಗತಿ. ತನ್ನ ಅರ್ಜಿಯಲ್ಲಿ ಏನು ಬರೆದಿದೆಯೆಂಬುದನ್ನು ಅರ್ಜಿದಾರನೇ ಅರಿಯನೆಂದರೆ ಅದಕ್ಕಿಂತ ದೈನ್ಯವಾವುದು? ೧೮೮೧ರಲ್ಲಿ ತೀರಿಕೊಂಡ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮದ ಬೆಲೆ ಇಲ್ಲಿ ತಿಳಿಯುವದು.

ಪತ್ರರಚನೆಯ ಶಾಸ್ತ್ರವಾದರೋ ಪುರಾತನವಾದುದು. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರವು ಲೇಖಕ್ಕೆ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವವೆಂಬ ಆರು ಗುಣಗಳನ್ನು ಹೇಳುವದು. ಇವು ರಾಜಶಾಸನಕ್ಕೆ ಹೇಳಿದವಾದರೂ ಉದ್ಯೋಗಾರ್ಥಿಯ ಅರ್ಜಿಗೂ ಒಪ್ಪುವವು. ಅರ್ಥಕ್ರಮವೆಂದರೆ ಪ್ರಧಾನ ವಿಷಯವು ಮೊದಲು ಬರುವದು: ಬೇಕಾದ ಕೆಲಸ ಯಾವದು, ಅದಕ್ಕಾಗಿ ತಾನು ಕಲಿತುದೇನು. ವಂಶಾವಳಿಯೂ ಬಡತನದ ವರ್ಣನೆಯೂ ಮುಂದಾದರೆ ಅಧಿಕಾರಿಯು ಕಾಗದವನ್ನು ಅರ್ಧಕ್ಕೇ ಕೆಳಗಿಡುವನು. ಪರಿಪೂರ್ಣತೆಯು ಇನ್ನೂ ಕಠಿಣ. ಹೆಚ್ಚೂ ಆಗಬಾರದು, ಕಡಮೆಯೂ ಆಗಬಾರದು. ಮಾಧುರ್ಯವನ್ನು ಮುಖಸ್ತುತಿಯೆಂದು ಬಗೆದವರೇ ಬಹಳ! ಸ್ಪಷ್ಟತ್ವವೆಂದರೆ ಎಲ್ಲರೂ ಬಲ್ಲ ಶಬ್ದಗಳ ಪ್ರಯೋಗ. ಪುನರುಕ್ತಿಯನ್ನೂ ಅಪಶಬ್ದವನ್ನೂ ಕೌಟಿಲ್ಯನು ದೋಷಗಳಲ್ಲಿ ಎಣಿಸಿರುವನು.

೧೯೫೬ರ ನವೆಂಬರ ೧ರಂದು ಈ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಕನ್ನಡವನ್ನು ರಾಜ್ಯಭಾಷೆಯನ್ನಾಗಿಸುವ ಕಾಯಿದೆಯು ೧೯೬೩ರಲ್ಲಿ ಆಯಿತು. ಸಿಂದಗಿಯ ತರುಣನು ತನ್ನ ನುಡಿಯಲ್ಲಿಯೇ ಬರೆದು, ತಾನೇ ಓದಿ ನೋಡಿ ರುಜು ಹಾಕುವ ಅರ್ಜಿಗೆ ಕಾಯಿದೆಯ ಬಲವು ಆಗ ದೊರೆಯಿತು.